ಬಾಜೂಮನೆಯ ನೀರು

ಮನೆ ಮಾರಾಟಕ್ಕಿದೆ, ಬಂದು ನೋಡಿ ಹೇಳಿ ಎಂದು ಯಾರಾದರೂ ಕರೆದರೆ ಕಾಕು ಮೊದಲು ಆ ಮನೆಗೆ ಹೋಗುತ್ತಿರಲಿಲ್ಲ. ಅದರ ಬಾಜೂಮನೆಯ ಕಟ್ಟೆಯ ಮೇಲೆ ಹೋಗಿ ಕೂತು ಒಂದು ತಂಬಿಗೆ ನೀರು ಕೇಳುತ್ತಿದ್ದರು. ಮಾರುವವರು ತಮ್ಮ ಅಂಗಳದಲ್ಲಿ ಕಸ ಹೊಡೆದು, ಚಾಪೆ ಹಾಸಿ, ಚಹಾಕ್ಕೆ ಹಾಲು ತರಿಸಿಟ್ಟುಕೊಂಡು ಕಾಯುತ್ತಿರುತ್ತಿದ್ದರು. ಕೊಳ್ಳುವವರು ಬೀದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈ ಹೆಂಗಸು ಮಾತ್ರ ಪಕ್ಕದವರ ನೀರನ್ನು ಗಟಗಟ ಕುಡಿದು, ಆ ಮನೆಯ ಸೊಸೆಯ ತವರು ಯಾವುದು, ಈ ಸಲ ಮೆಣಸಿನಕಾಯಿ ಹೇಗೆ ಬಂತು ಎಂದು ವಿಚಾರಿಸುತ್ತ ಆರಾಮಾಗಿ ಕೂತುಬಿಡುತ್ತಿದ್ದರು.

ನೀರು ಕೇಳುವುದರಲ್ಲಿ ಅವರದೊಂದು ಲೆಕ್ಕಾಚಾರವಿತ್ತು. ಕೇಳಿದ ಕೂಡಲೇ ತಂದರೋ, ಯಾರ ಮನೆಗೆ ಬಂದೀರಿ ಎಂದು ಪತ್ತೆ ಮಾಡಿಕೊಂಡು ಆಮೇಲೆ ತಂದರೋ, ಕೊಟ್ಟು ಒಳಗೆ ಹೋದರೋ, ಅಲ್ಲೇ ನಿಂತು ಮಾತಿಗಿಳಿದರೋ, ಇದೆಲ್ಲ ಅವರಿಗೆ ಬೇಕಿತ್ತು. ಮಾರುವವರು ಕೊಡುವ ಚಹಾದಲ್ಲಿ ಸಕ್ಕರೆ ಯಾವಾಗಲೂ ಒಂದು ಚಮಚ ಹೆಚ್ಚೇ ಇರುತ್ತದೆ, ಅದನ್ನು ಕುಡಿದರೆ ಏನು ತಿಳಿಯುತ್ತದೆ ಎನ್ನುತ್ತಿದ್ದರು. ನನಗೆ ಮೊದಮೊದಲು ಇದು ಹುಚ್ಚಾಟವೆನಿಸಿತ್ತು. ಆಮೇಲೆ ಜಾಣತನವೆನಿಸಿತು. ಈಗ ಏನೆನಿಸುತ್ತದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಕುಂದಗೋಳದಲ್ಲಿ ಬಹಳ ಮಂದಿಗೆ ಅದು ಯಾರೆಂದು ಗೊತ್ತಾಗಲಿಕ್ಕಿಲ್ಲ, ಏಕೆಂದರೆ ಎಲ್ಲರ ಬಾಯಲ್ಲೂ ಅವರು ಕಾಕು, ಅಂದರೆ ಚಿಕ್ಕಮ್ಮ. ಅವರಿಗಿಂತ ಹಿರಿಯರೂ ಕಾಕು ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಕೊಟ್ಟು ಹಿಂದಿನ ಎರಡರಲ್ಲಿ ತಾವು ಇದ್ದರು. ಕುಳ್ಳಗೆ, ದಪ್ಪಗೆ, ಸದಾ ಅವಸರದಲ್ಲಿರುವವರಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ದಲ್ಲಾಳಿಯಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ಓಣಿಯಿಂದ ಹಿಡಿದು ಸಂಶಿ, ಗುಡಗೇರಿಯವರೆಗೆ ಮನೆ ಕೊಳ್ಳುವವರು, ಮಾರುವವರು ಹೆಣ್ಣು ನೋಡಲು ಹಿರಿಯರನ್ನು ಕರೆದೊಯ್ಯುವ ಹಾಗೆ ಅವರನ್ನು ಕರೆದೊಯ್ಯುತ್ತಿದ್ದರು. ಒಮ್ಮೊಮ್ಮೆ ಒಂದೇ ಮನೆಗೆ ಕೊಳ್ಳುವವರೂ ಮಾರುವವರೂ ಇಬ್ಬರೂ ಕರೆಯುತ್ತಿದ್ದರು. ಕಾಕು ಎರಡೂ ಕಡೆ ಹೋಗುತ್ತಿದ್ದರು. ಇದು ಹೇಗೆ ಸಾಧ್ಯ ಎಂದು ನಾನು ಕೇಳಿದ್ದಕ್ಕೆ, ಮದುವೆಯಲ್ಲಿ ಎರಡೂ ಕಡೆಗೆ ಬೇಕಾದವರು ಇರುವುದಿಲ್ಲವೇ ಎಂದು ನನಗೇ ತಿರುಗಿಸಿದ್ದರು.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸದವನು. ಡಾಕ್ಟರಲ್ಲ, ಡಾಕ್ಟರರ ಕೆಳಗಿನವನು. ಆದರೂ ಕಾಕು ನನ್ನನ್ನು ದನದ ಡಾಕ್ಟರ ಎಂದೇ ಕರೆಯುತ್ತಿದ್ದರು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ನಾನು ಮನೆ ನೋಡಲು ಹೋದರೆ ಬಾಗಿಲ ಚೌಕಟ್ಟಿನ ಕೆತ್ತನೆ ನೋಡಿ ಮರುಳಾಗುತ್ತೇನೆ ಎಂಬುದು ಅವರ ತಮಾಷೆ. ನಮ್ಮ ಬಾಡಿಗೆ ಮನೆ ಅವರ ಎದುರುಸಾಲಿನಲ್ಲಿತ್ತು. ರವಿವಾರ ನನಗೆ ಬೇರೆ ಕೆಲಸ ಇಲ್ಲದ್ದರಿಂದ ಎಷ್ಟೋ ಸಲ ಅವರ ಹಿಂದೆ ನಾನೂ ಹೋಗಿದ್ದೇನೆ.

ಬಾಜೂಮನೆಯ ನೀರು ಮುಗಿದ ಮೇಲೆ ಅವರು ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಮಾರುವವರು ಭಕ್ತಿಯೆಂದು ತಿಳಿಯುತ್ತಿದ್ದರು. ಅದು ಭಕ್ತಿಯಲ್ಲ, ಅಂಗಾಲಿಗೆ ಎಲ್ಲಿ ತಂಪು ಹತ್ತುತ್ತದೆ ಎಂದು ನೋಡುವುದು. ತಂಪು ಹತ್ತಿದ ಕಡೆ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದರು. ಹಿಂದೆ ನಮ್ಮ ಕಡೆ ಜೋಳ ತುಂಬಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರಲ್ಲ, ಆ ಹಳೆಯ ಹಗೇವುಗಳ ಮೇಲೆ ಎಷ್ಟೋ ಮನೆಗಳಲ್ಲಿ ಈಗ ಬರೀ ಫರಸಿ ಕಲ್ಲು ಹಾಸಿದ್ದಾರೆ. ನಮ್ಮ ಓಣಿಯ ಒಬ್ಬರು ಕಾಕು ಬೇಡವೆಂದರೂ ಕೇಳದೆ ಅಂಥ ಮನೆ ಕೊಂಡು, ಮಗಳ ಮದುವೆಗೆಂದು ಕಬ್ಬಿಣದ ತಿಜೋರಿ ತಂದಿಟ್ಟರು. ಆರತಕ್ಷತೆಯ ದಿನ ಅದು ಒಂದು ಮೂಲೆಗೆ ವಾಲಿಕೊಂಡು ಬಾಗಿಲು ತೆರೆಯದಂತಾಗಿ, ಬೀಗರೆದುರು ವಧುವಿನ ಸೀರೆ ತೆಗೆಯಲು ಗಾರೆ ಕೆಲಸದ ಗೌಂಡಿಯನ್ನು ಕರೆಸಬೇಕಾಯಿತು. ಕಾಕು ಊಟಕ್ಕೆ ಹೋಗಿದ್ದರು. ಎರಡು ಸಲ ಹೋಳಿಗೆ ಹಾಕಿಸಿಕೊಂಡರು.

ಮನೆ ನೋಡುವುದಾದರೆ ಬೇಸಿಗೆಯ ಕಡೆಯಲ್ಲಿ ನೋಡಬೇಕು ಎನ್ನುವುದು ಅವರ ಇನ್ನೊಂದು ಮಾತು. ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಉಬ್ಬಿ ಎಲ್ಲ ಮುಚ್ಚಿಕೊಳ್ಳುತ್ತದೆ, ಬಿಸಿಲಿಗೆ ಬಾಯಿ ತೆರೆಯುತ್ತದೆ, ಅದರ ಜೊತೆ ಗೋಡೆಯೂ ಬಾಯಿ ತೆರೆಯುತ್ತದೆ. ಶ್ರಾವಣದಲ್ಲಿ ಚೊಕ್ಕ ಕಂಡ ಗೋಡೆಯ ಬಿರುಕಿನಲ್ಲಿ ಮೇ ತಿಂಗಳಲ್ಲಿ ಬೆರಳು ಹೋಗುವುದನ್ನು ನಾನೇ ನೋಡಿದ್ದೇನೆ. ಹಬ್ಬದ ಮುಂದೆ ಮನೆ ಮಾರುವವರನ್ನು ಕಂಡರೆ ಕಾಕುವಿಗೆ ಅನುಮಾನವೇ.

ಮನೆಯ ಹಕ್ಕುದಾರರ ಹೆಸರಿರುವ ಉತಾರ ಈಗ ಮೊಬೈಲಿನಲ್ಲೇ ಸಿಗುತ್ತದೆ. ಕಾಕು ಅದನ್ನು ಓದಿಸಿ ಕೇಳಿಕೊಂಡು, ಅದರಲ್ಲಿರುವ ಹೆಸರುಗಳನ್ನೂ ಇರಬೇಕಾಗಿದ್ದು ಇಲ್ಲದ ಹೆಸರುಗಳನ್ನೂ ಬೆರಳು ಮಡಚಿ ಎಣಿಸಿಟ್ಟುಕೊಳ್ಳುತ್ತಿದ್ದರು. ಅವರೆಲ್ಲರ ಮನೆಯಲ್ಲಿ ಒಂದೊಂದು ಸಲ ಕೂತು ಚಹಾ ಕುಡಿದು ಬರಬೇಕು, ಇಲ್ಲದಿದ್ದರೆ ಸಂಚಕಾರದ ಮುಂಗಡ ಹಣ ಕೊಡಬಾರದು ಎಂದು ಕೊಳ್ಳುವವರಿಗೆ ಕಟ್ಟುನಿಟ್ಟು. ಒಮ್ಮೆ ಮಾರುವವನು, ತಂಗಿಯ ಸಹಿಯೇನು ದೊಡ್ಡ ಮಾತಲ್ಲ, ಬಂದು ಹಾಕಿ ಹೋಗುತ್ತಾಳೆ ಎಂದ. ಕಾಕು ಕೊಳ್ಳುವವನನ್ನು ಕರೆದುಕೊಂಡು ನೆಟ್ಟಗೆ ಅಳ್ನಾವರಕ್ಕೆ, ಆ ತಂಗಿಯ ಮನೆಗೆ ಹೋದರು. ಮನೆ ಮಾರುವ ಸುದ್ದಿಯೇ ಆಕೆಗೆ ಗೊತ್ತಿರಲಿಲ್ಲ. ಚಹಾದ ಕಪ್ಪು ಹಿಡಿದುಕೊಂಡೇ ಅತ್ತಳಂತೆ. ವ್ಯವಹಾರ ನಿಂತಿತು, ಅಣ್ಣ ತಂಗಿಯ ನಡುವೆ ಮಾತಾಯಿತು, ಅವಳ ಪಾಲು ಅವಳಿಗೆ ಹೋದ ಮೇಲೆ ತಾನಾಗಿ ಬಂದು ಸಹಿ ಹಾಕಿದಳು. ಕೊಂಡವನು ಇವತ್ತಿಗೂ ಕಾಕುವಿನ ಹೆಸರು ಹೇಳಿ ಕೈ ಮುಗಿಯುತ್ತಾನೆ. ಮಾರಿದವನು ಅವರು ಸತ್ತಾಗಲೂ ಬರಲಿಲ್ಲ.

ಇಷ್ಟೇ ಆಗಿದ್ದರೆ ಇದು ಸರಳ ಕಥೆ. ಆದರೆ ಅವರ ಮಾತು ಒಂದಕ್ಕೊಂದು ಕೂಡುತ್ತಿರಲಿಲ್ಲ. ಮಾರುವ ಮನೆಗೆ ಸುಣ್ಣ ಹಚ್ಚಬೇಡ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಜನ ತಿಳಿಯುತ್ತಾರೆ ಎಂದು ಒಬ್ಬನಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಅದೇ ವರ್ಷ ಒಬ್ಬ ಮುದುಕ ಬಡಿಗನಿಗೆ, ಮಾರುವ ಮುಂಚೆ ಒಳಗೂ ಹೊರಗೂ ಸುಣ್ಣ ಹಚ್ಚಿಸು ಎಂದರು. ಇದೇನು ಎರಡು ನಾಲಿಗೆ ಎಂದು ದಾರಿಯಲ್ಲಿ ಕೇಳಿದೆ.

"ಆ ಮೊದಲಿನಾಂವನ ಮನಿ ಛಲೋ ಇತ್ತು, ತೋರಸಬೇಕಾಗಿತ್ತು," ಎಂದರು ಕಾಕು. "ಇದನ್ನ ತೊಗೊಳ್ಳಾಂವ ಕೆಡವಿ ಕಟ್ಟಾಂವ ಅದಾನ. ಸುಣ್ಣಾ ಮನಿಗಲ್ಲೋ ತಮ್ಮಾ, ಆ ಮುದಕಗ. ಬಿಟ್ಟು ಹೋಗೂ ದಿನ ಅವನ ಕಣ್ಣಿಗೆ ಚಂದ ಕಾಣಲಿ."

ಕೊಡು-ಕೊಳ್ಳುವ ವಿಷಯದಲ್ಲಿ ಇದಕ್ಕೇನು ಜಾಗ ಎಂದು ನನಗೆ ತಿಳಿಯಲಿಲ್ಲ. ತಪ್ಪುವುದೂ ಇತ್ತು. ಗುಡಗೇರಿಯಲ್ಲಿ ಬಾಜೂಮನೆಯವರು ನೀರಿನ ಜೊತೆ ಬೆಲ್ಲವನ್ನೂ ಕೊಟ್ಟರೆಂದು ಖುಷಿಯಾಗಿ ಒಬ್ಬರಿಗೆ ಮನೆ ಕೊಡಿಸಿದರು. ಆ ಬೆಲ್ಲದವರು ವರ್ಷ ತುಂಬುವುದರೊಳಗೆ ತಮ್ಮ ಮನೆಯನ್ನು ಹಿಟ್ಟಿನ ಗಿರಣಿಯವನಿಗೆ ಮಾರಿ ಹೋದರು. ಈಗ ಬೆಳಗಿನಿಂದ ಸಂಜೆಯವರೆಗೆ ಕೊಂಡವರ ಮನೆಯಲ್ಲಿ ಪಾತ್ರೆಗಳು ತಾವಾಗಿಯೇ ನಡುಗುತ್ತವೆ. ಅವರು ಬಂದು ಜಗಳಾಡಿದಾಗ ಕಾಕು ತಪ್ಪಾಯಿತು ಎಂದರು.

ಇಂಥವರ ಕೈಯಲ್ಲಿ ನಾವು ನಮ್ಮ ಮನೆಯ ವಿಚಾರ ಕೊಟ್ಟಿದ್ದೆವು.

ನನ್ನ ಹೆಂಡತಿ ಜಂಪರು ಹೊಲಿಯುತ್ತಾಳೆ. ಆಕೆಯ ಕೈಗೆ ಹೆಸರಿದೆ, ಮದುವೆ ದಿನಗಳಲ್ಲಿ ಪುರಸೊತ್ತಿರುವುದಿಲ್ಲ. ಬಾಡಿಗೆ ಮನೆಯ ಮಾಲಕರಿಗೆ ಮಶೀನಿನ ಸಪ್ಪಳ ಆಗದು, ಹೆಂಗಸರು ಹೊತ್ತಿಲ್ಲದ ಹೊತ್ತಿನಲ್ಲಿ ಬರುವುದು ಅದಕ್ಕಿಂತ ಆಗದು. ಅವಳಿಗೆ ಬೇಕಾಗಿದ್ದುದು ಒಂದೇ, ಪೇಟೆಯ ರಸ್ತೆಗೆ ಮುಖ ಮಾಡಿದ ಒಂದು ಖೋಲಿ. ಹಿಂದೆ ಮನೆ, ಮುಂದೆ ಅಂಗಡಿ. ಅಂಥ ಮನೆಗಳು ಮಾರಾಟಕ್ಕೆ ಬರುವುದೇ ಅಪರೂಪ, ಬಂದರೆ ನಮ್ಮ ಕೈಗೆ ಎಟುಕುವುದಿಲ್ಲ. ಕಡೆಗೊಮ್ಮೆ ಬಂತು, ಎಟುಕುವಂತೆಯೂ ಇತ್ತು. ಇಬ್ಬರು ಅಣ್ಣತಮ್ಮಂದಿರು ಹಂಚಿಕೊಂಡ ದೊಡ್ಡ ಮನೆಯ ಅರ್ಧ ಪಾಲು. ಅವರಲ್ಲಿ ತಮ್ಮನಾದವನು ಹೆಂಡತಿಯ ಊರಾದ ಅಣ್ಣಿಗೇರಿಗೆ ಹೋಗಿ ನಿಲ್ಲುವವನಿದ್ದ, ತನ್ನ ಅರ್ಧ ಮಾರುತ್ತಿದ್ದ. ಇನ್ನರ್ಧದಲ್ಲಿ ಅಣ್ಣನ ವಿಧವೆ ಇದ್ದರು.

ನಾವು ಮೂವರೂ ಹೋದೆವು. ಕಾಕು ಎಂದಿನಂತೆ ಬಾಜೂಮನೆಗೆ, ಅಂದರೆ ಆ ವಿಧವೆಯ ಕಟ್ಟೆಗೆ, ಹೋಗಿ ನೀರು ಕೇಳಿದರು. ನೀರು ಬರಲು ಬಹಳ ತಡವಾಯಿತು. ಆಕೆಗೆ ಕಣ್ಣು ಮಂಜು, ಗೋಡೆ ಹಿಡಿದು ನಡೆಯುತ್ತಿದ್ದರು. ಮಕ್ಕಳಿಬ್ಬರು ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ತಂಬಿಗೆಯಲ್ಲಿ ಅರ್ಧ ನೀರು ಚೆಲ್ಲಿತ್ತು. ಕಾಕು ಉಳಿದದ್ದನ್ನು ಕುಡಿದು, ಬಹಳ ಹೊತ್ತು ಅಲ್ಲೇ ಕೂತರು.

ಮನೆ ಒಳಗೆ ಚೆನ್ನಾಗಿತ್ತು. ನೆಲ ಗಟ್ಟಿ, ಗೋಡೆ ಗಟ್ಟಿ, ಬೇಸಿಗೆಯ ಕಡೆಯ ದಿನಗಳಾದರೂ ಎಲ್ಲೂ ಬಿರುಕಿಲ್ಲ. ಮುಂದಿನ ಖೋಲಿಗೆ ರಸ್ತೆಯ ಬೆಳಕು ನೇರ ಬೀಳುತ್ತಿತ್ತು. ನನ್ನ ಹೆಂಡತಿ ಅಲ್ಲಿ ನಿಂತು, ಮಶೀನು ಇಲ್ಲಿ, ಕನ್ನಡಿ ಇಲ್ಲಿ, ಬಂದವರು ಕೂರುವ ಬಾಂಕು ಅಲ್ಲಿ ಎಂದು ಗಾಳಿಯಲ್ಲೇ ಇಡತೊಡಗಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಆಮೇಲೆ ನಡುಮನೆಗೆ ಬಂದರೆ ಗೋಡೆಯಲ್ಲಿ ಒಂದು ಕಿರುಬಾಗಿಲು. ಬಗ್ಗಿ ಹೋಗಬೇಕು, ಅಷ್ಟು ಚಿಕ್ಕದು. ಅದರಾಚೆ ವಿಧವೆಯ ಅಡುಗೆಮನೆ. ಅಣ್ಣತಮ್ಮಂದಿರು ಪಾಲಾಗುವಾಗ ಹೆಂಗಸರ ಹೋಗಿಬರುವಿಕೆಗೆ ಇರಲೆಂದು ಬಿಟ್ಟುಕೊಂಡದ್ದು. ಹಿತ್ತಲು, ಬಚ್ಚಲು, ನಳ ಎಲ್ಲ ತಮ್ಮನ ಪಾಲಿಗೆ ಬಂದಿದ್ದವು. ಆಕೆ ಈ ಬಾಗಿಲಿನಿಂದಲೇ ಬಂದು ಹೋಗುತ್ತಿದ್ದರು. ಕಾಗದದಲ್ಲಿ ಬಾಗಿಲಿನ ಮಾತೇ ಇಲ್ಲ, ಬೇಕಾದರೆ ನೀವು ಮುಚ್ಚಿಸಬಹುದು, ಅವರಿಗೆ ಅವರ ಮಕ್ಕಳು ಬೇರೆ ವ್ಯವಸ್ಥೆ ಮಾಡುತ್ತಾರೆ ಎಂದು ಮಾರುವವನು ಹೇಳಿದ.

ಅಂಗಡಿ ನಡೆಸುವ ಮನೆಯಲ್ಲಿ ಇದು ಇದ್ದರೆ ಹೇಗೆ, ಗಿರಾಕಿಗಳ ರೇಷ್ಮೆ ಬಟ್ಟೆ ಬಿದ್ದಿರುತ್ತವೆ, ಮೊದಲು ಇದನ್ನು ಮುಚ್ಚಿಸಬೇಕಾಗುತ್ತದೆ ಎಂದಳು ನನ್ನ ಹೆಂಡತಿ. ಸಹಜವಾದ ಮಾತು. ನಾನೂ ಹೌದೆಂದೆ. ಕಾಕು ಬಾಗಿಲಿನ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಬೀದಿಗೆ ಬಂದು ಚಪ್ಪಲಿ ಮೆಟ್ಟಿಕೊಂಡು, "ಬ್ಯಾಡ," ಎಂದರು.

ಯಾಕೆ ಎಂದು ಕೇಳಿದೆವು. ಬೇರೆ ಮನೆಗಳಿಗಾದರೆ ಹತ್ತು ಕಾರಣ ಹೇಳುತ್ತಿದ್ದವರು ಆ ದಿನ ಒಂದೂ ಹೇಳಲಿಲ್ಲ. ನಿಮಗೆ ಹೊಂದುವುದಿಲ್ಲ, ಬೇರೆ ನೋಡೋಣ ಎಂದಷ್ಟೇ. ನನ್ನ ಹೆಂಡತಿ ಮನೆಗೆ ಬಂದು ಮಶೀನಿನ ಮೇಲೆ ಬಟ್ಟೆ ಮುಚ್ಚಿ ಆ ಸಂಜೆಯೆಲ್ಲ ಹೊಲಿಯಲಿಲ್ಲ. ಕೊಂಡೇಬಿಡೋಣ ಎಂದು ಒಮ್ಮೆ, ಅಷ್ಟು ತಿಳಿದವರು ಬೇಡವೆಂದ ಮೇಲೆ ಏನೋ ಇರಬೇಕು ಎಂದು ಒಮ್ಮೆ, ನಾವು ಹಿಂದೆಮುಂದೆ ನೋಡಿದೆವು. ಆ ತಿಜೋರಿ ವಾಲಿದ್ದು ಕಣ್ಣಮುಂದೆ ಬಂತು. ಬಿಟ್ಟುಬಿಟ್ಟೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮನೆ ಒಬ್ಬ ವೀಳ್ಯದೆಲೆ ವ್ಯಾಪಾರಿಗೆ ಹೋಯಿತು. ಒಂದು ದಿನ ಆತ ಎಮ್ಮೆ ತೋರಿಸಲು ನನ್ನ ಆಸ್ಪತ್ರೆಗೆ ಬಂದವನು, ಮಾತಿಗೆ ಮಾತು ಬಂದು, ಆ ಮನೆಯನ್ನು ಕಾಕುವೇ ಕೊಡಿಸಿದ್ದು ಎಂದ. ಒಂದೇ ಒಂದು ಷರತ್ತು ಹಾಕಿದ್ದರಂತೆ, ನಡುವಿನ ಬಾಗಿಲು ಮುಚ್ಚಬಾರದು. ಅವನ ತಾಯಿ ಆ ವಿಧವೆಯ ತವರೂರಿನವಳು, ದಿನವೆಲ್ಲ ಇಬ್ಬರೂ ಅದೇ ಬಾಗಿಲಲ್ಲಿ ಕೂತು ಎಲೆ ಹೊಂದಿಸುತ್ತಾರೆ ಎಂದು ನಗುತ್ತ ಹೇಳಿದ. ನಾನು ಎಮ್ಮೆಯ ಕಿವಿ ಹಿಡಿದುಕೊಂಡೇ ಕೇಳಿಸಿಕೊಂಡೆ.

ಅಂದು ಸಂಜೆ ಆಸ್ಪತ್ರೆಯಿಂದ ಹೊರಟವನು ಮನೆಗೆ ಹೋಗಲಿಲ್ಲ, ಕಾಕುವಿನ ಮನೆಗೆ ಹೋದೆ. ಸಿಟ್ಟು ಬಂದಿತ್ತು. ಅವರು ಹಿಂದಿನ ಖೋಲಿಯಲ್ಲಿ ಕಾಳು ಆರಿಸುತ್ತಿದ್ದರು. ನಮಗೆ ಬೇಡ ಎಂದ ಮನೆ ಅವರಿಗೆ ಹೇಗೆ ಬೇಕಾಯಿತು ಎಂದು ಕೇಳಿದೆ. ಕಾಕುವಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವರಿಗೆ ಹೊಂದತೈತಿ," ಎಂದರು.

"ನಾವೂ ಮುಚ್ಚತಿದ್ದಿಲ್ರಿ ಕಾಕು. ಒಂದ ಮಾತು ಹೇಳಿದ್ರ ಆಗತಿತ್ತಿಲ್ರಿ?"

"ಹೇಳಿದ್ರ ಮುಚ್ಚೂದಿಲ್ಲಂತ ಮಾತ ಕೊಡತಿದ್ರಿ. ಅದಕ್ಕ ಹೇಳಲಿಲ್ಲ." ಮೊರದಿಂದ ಒಂದು ಹರಳು ತೆಗೆದು ಬದಿಗಿಟ್ಟರು. "ಮಾತ ಕೊಟ್ಟಾವ್ರು ಸುಳ್ಳ ಹೇಳಿರೂದಿಲ್ಲ ತಮ್ಮಾ. ಛಲೋ ಮಂದಿನ ಇರತಾರ. ಆದ್ರ ಮಂದಿ ಬಂದು ಹೋಗೂ ಮನ್ಯಾಗ ಆ ಬಾಗಲಾ ಉಳಿಯೂದಿಲ್ಲ. ಒಂದಿನ ಗೌಂಡಿ ಬರತಾನ. ನನಗ ಗೊತ್ತೈತಿ."

ನೀವು ಯಾರ ಪರವಾಗಿ ಮನೆ ನೋಡಲು ಬಂದಿದ್ದಿರಿ, ನಮ್ಮ ಪರವೋ ಅವರ ಪರವೋ ಎಂದು ಕೇಳಿದೆ. ಬಾಡಿಗೆಯವರ ಮಗು ಒಳಗೆ ಬಂದಿತ್ತು, ಕಾಕು ಅದರ ಕೈಗೆ ಶೇಂಗಾ ಕೊಡುವುದರಲ್ಲಿ ತೊಡಗಿದರು. ನಾನು ಹೊರಟುಬಂದೆ.

ಹೆಂಡತಿಗೆ ಹೇಳಿದರೆ ಹಾರಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕತ್ತರಿ ಕೆಳಗಿಟ್ಟು ಯೋಚಿಸಿ, ಕಾಕು ಹೇಳಿದ್ದು ಖರೆ, ನಾನು ಮುಚ್ಚುತ್ತಿದ್ದೆ ಎಂದಳು. ಹಾಗಾದರೆ ಸಿಟ್ಟಿಲ್ಲವೇ ಎಂದರೆ, ಸಿಟ್ಟಿದೆ ಎಂದಳು. ಎರಡೂ ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಆ ವರ್ಷ ಅವಳು ಕಾಕುವಿನ ಜಂಪರುಗಳನ್ನು ಮೊದಲಿನಂತೆಯೇ ಹೊಲಿದು ಕೊಟ್ಟಳು, ಆದರೆ ಕೂತು ಚಹಾ ಕುಡಿಯಿರಿ ಎಂದು ಹೇಳಲಿಲ್ಲ. ಕಾಕುವೂ ಕೂರಲಿಲ್ಲ.

ಮುಂದೆ ಅವರೇ ನಮಗೊಂದು ಮನೆ ಹುಡುಕಿದರು. ತಾವಾಗಿಯೇ ಬಂದು ಕರೆದರು, ತಾವೇ ಬರಿಗಾಲಲ್ಲಿ ಎಲ್ಲ ಕಡೆ ಅಡ್ಡಾಡಿದರು, ಆ ವಯಸ್ಸಿನಲ್ಲಿ ನಿಚ್ಚಣಿಕೆ ಏರಿ ಮಾಳಿಗೆಯ ಮೇಲಿನ ಮಣ್ಣು ಕೆದರಿ ನೋಡಿದರು. ಮನೆ ಗಟ್ಟಿ, ಕಾಗದ ಚೊಕ್ಕ, ಬಾಜೂದವರು ಒಳ್ಳೆಯವರು. ಆದರೆ ಓಣಿಯ ಒಳಗೆ, ಎರಡು ತಿರುವು ದಾಟಿ. ಹೊಸ ಗಿರಾಕಿಗಳು ಇವತ್ತಿಗೂ ಹಾದಿ ತಪ್ಪಿ ಫೋನು ಮಾಡುತ್ತಾರೆ. ಹೆಂಡತಿ ಹಾದಿ ಹೇಳುವಾಗ ಒಮ್ಮೊಮ್ಮೆ ಅವಳ ದನಿಯಲ್ಲಿ ಆ ಪೇಟೆಯ ಖೋಲಿ ಇಣುಕುತ್ತದೆ. ಆಗೆಲ್ಲ ನನಗೆ ಕಾಕುವಿನ ಮೇಲೆ ಮತ್ತೆ ಸಿಟ್ಟು ಬರುತ್ತದೆ. ಮರುದಿನ ಎಲೆ ವ್ಯಾಪಾರಿಯ ಮನೆಯ ಮುಂದೆ ಹಾಯ್ದು ಬರುವಾಗ, ಒಳಗೆ ಇಬ್ಬರು ಮುದುಕಿಯರು ಜಗಳಾಡುವುದು ಕೇಳಿದರೆ ಆ ಸಿಟ್ಟು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ.

ಕಾಕು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಬೇಸಿಗೆಗೆ ಅವರ ತವರಿನ ಅಣ್ಣನ ಮಗ ಹುಬ್ಬಳ್ಳಿಯಿಂದ ಬಂದು ಮನೆ ಮಾರಾಟಕ್ಕಿಟ್ಟ. ನೋಡಲು ಗುಡಗೇರಿಯಿಂದ ಒಬ್ಬ ಹುಡುಗ ತನ್ನ ಹೆಂಡತಿಯೊಡನೆ ಬಂದಿದ್ದ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಮೊಬೈಲ್ ದುರಸ್ತಿಯ ಅಂಗಡಿಯಂತೆ. ಅವರಿಗೆ ಯಾರೋ, ದನದ ಡಾಕ್ಟರನ್ನು ಕರೆದುಕೊಂಡು ಹೋಗಿ, ಅವರು ಕಾಕುವಿನ ಜೊತೆ ಅಡ್ಡಾಡಿದವರು ಎಂದಿದ್ದರು. ಕಾಕುವಿನ ಮನೆಯನ್ನೇ ನೋಡಿ ಹೇಳಲು ನನ್ನನ್ನು ಕರೆದಾಗ ನಗಬೇಕೋ ಏನು ಮಾಡಬೇಕೋ ತಿಳಿಯದೆ ಹೋದೆ.

ಹಿಂದಿನ ಗೋಡೆಯಲ್ಲಿ ನನ್ನ ತೋರುಬೆರಳು ಪೂರ್ತಿ ಹೋಗುವಷ್ಟು ಬಿರುಕು. ಊರಿನ ಗೋಡೆಗಳನ್ನೆಲ್ಲ ನೋಡಿದವರು ತಮ್ಮದನ್ನು ಹೀಗೆ ಬಿಟ್ಟಿದ್ದರು. ಬದಿಯ ಗೋಡೆಗೆ ಇಟ್ಟಿದ್ದ ಕಾಳಿನ ಡಬ್ಬಿಗಳನ್ನು ಸರಿಸಿದ್ದರಿಂದ, ಇಷ್ಟು ವರ್ಷ ಆ ಖೋಲಿಗೆ ಹೋಗಿಬಂದ ನಾನು ಎಂದೂ ನೋಡದಿದ್ದ ಒಂದು ಗುರುತು ಕಂಡಿತು. ಬಗ್ಗಿ ಹೋಗುವಷ್ಟು ಎತ್ತರದ ಒಂದು ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ ಗಿಲಾವು ಮಾಡಿದ್ದರು. ಒಳಗಿನ ಚೌಕಟ್ಟಿನ ಗೆರೆ ಇನ್ನೂ ತಿಳಿಯುತ್ತಿತ್ತು.

ಇದೇನು ಎಂದು ಅಣ್ಣನ ಮಗನನ್ನು ಕೇಳಿದೆ. ಆಚೆಯದು ಕಾಕುವಿನ ಗಂಡನ ಅಣ್ಣನ ಮನೆ. ಕಾಕುವಿಗೂ ಅವರ ನೆಗೆಣ್ಣಿಗೂ, ಅಂದರೆ ಆ ಅಣ್ಣನ ಹೆಂಡತಿಗೂ, ಏನೋ ಮಾತು ಬಂದು ಆಕೆಯೇ ತನ್ನ ಕಡೆಯಿಂದ ಮುಚ್ಚಿಸಿದಳು, ಹಳೆಯ ಕಥೆ ಎಂದ. ನಾನು ಹೊರಗೆ ಬಂದು, ಯಾಕೆ ಬಂದೆನೋ, ಆ ಬಾಜೂಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿದೆ. ಹುಡುಗ ಹುಡುಗಿ ನನ್ನ ಹಿಂದೆಯೇ ಬಂದು ನಿಂತರು.

ಒಳಗಿದ್ದುದು ಆ ನೆಗೆಣ್ಣಿಯ ಸೊಸೆ. ಆಕೆಯ ಗಂಡ ಲಾರಿಯ ಮೇಲೆ ಊರೂರು ತಿರುಗುತ್ತಾನೆ. ಮೊಣಕಾಲು ಬೇನೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಂಬಿಗೆ ಹಿಡಿದು ಹೊಸ್ತಿಲು ದಾಟಿ ಬರಲು ಬಹಳ ಹೊತ್ತು ಹಿಡಿಯಿತು. ಅರ್ಧ ನೀರು ಚೆಲ್ಲಿತ್ತು. ನಾನು ಬಾಗಿಲಿನ ವಿಷಯ ತೆಗೆದೆ.

"ನಮ್ಮತ್ತಿ ಮುಚ್ಚಿಸಿಲ್ರಿ, ಸಣ್ಣತ್ತಿನ ಮುಚ್ಚಿಸಿದ್ರು," ಎಂದಳು ಆಕೆ. ಸಣ್ಣತ್ತೆ ಎಂದರೆ ಕಾಕು. "ಮುಂದ ಬಾಡಿಗಿ ಮಂದಿ ಬಂದ್ರು, ಅಡಚಣಿ ಆಗತೈತಿ ಅಂತ. ಮುಂದಿನ ಬ್ಯಾಸಗ್ಯಾಗ ನಮ್ಮತ್ತಿ ಬಚ್ಚಲದಾಗ ಬಿದ್ರು. ಮನ್ಯಾಗ ಯಾರೂ ಇರಲಿಲ್ಲ. ಸಂಜಿತನಕ ಹಂಗ ಬಿದ್ದಿದ್ರು. ಮೊದಲಾಗಿದ್ರ ಸಣ್ಣತ್ತಿ ಹತ್ತ ಸಲ ಒಳಗ ಹೊರಗ ಮಾಡತಿದ್ರು."

ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ನೀರು ಸಾಕೇ, ಇನ್ನೂ ತರಲೇ ಎಂದು ಕೇಳಿದಳು.

ಅಣ್ಣನ ಮಗ ಹೇಳಿದ್ದು ನಿಜವೋ ಈಕೆ ಹೇಳಿದ್ದು ನಿಜವೋ, ಕೇಳಬೇಕಾದವರು ಯಾರೂ ಉಳಿದಿಲ್ಲ. ಈಕೆಯದೇ ನಿಜವಾದರೆ, ನನಗೆ ಗೊತ್ತಿದೆ ಎಂದು ಕಾಕು ಅಂದು ಅಂದದ್ದು ಯಾವುದನ್ನು? ನನ್ನ ಹೆಂಡತಿಯ ಅಂಗಡಿ ಹೋದದ್ದು ಆ ಕಣ್ಣು ಮಂಜಾದ ವಿಧವೆಗಾಗಿಯೋ, ಎಂದೋ ಸತ್ತ ನೆಗೆಣ್ಣಿಗಾಗಿಯೋ, ಅಥವಾ ಮುಂದೊಂದು ದಿನ ನಾವು ಗೌಂಡಿಯನ್ನು ಕರೆಸಿ ಆಮೇಲೆ ಜೀವಮಾನವೆಲ್ಲ ಆ ಗೋಡೆ ನೋಡುತ್ತ ಕೂರಬಾರದೆಂದೋ? ಹಾಗಿದ್ದರೆ ಅದು ನಮ್ಮ ಪರವೇ ಆಯಿತಲ್ಲ. ಯೋಚಿಸಿದಷ್ಟೂ ಗೊಂದಲವಾಯಿತು. ನೀರು ಸಾಕೆಂದು ತಂಬಿಗೆ ತಿರುಗಿ ಕೊಟ್ಟೆ.

ಮತ್ತೆ ಒಳಗೆ ಹೋದಾಗ ಆ ಹುಡುಗಿ ಗುರುತಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಇದನ್ನು ತೆಗೆಸಿದರೆ ಈ ಖೋಲಿಗೆ ಗಾಳಿ ಬರುತ್ತದೆ, ಬಾಜೂಮನೆಯ ಆ ಅಕ್ಕನಿಗೂ ಸುತ್ತಿ ಬರುವುದು ತಪ್ಪುತ್ತದೆ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು. ಗಂಡ ನನ್ನ ಕಡೆ ತಿರುಗಿದ.

"ಹೆಂಗ್ರಿ ಸರ್, ತೊಗೋಬಹುದ್ರಿ?"

ಹಿಂದಿನ ಗೋಡೆಯ ಬಿರುಕು ತೋರಿಸಿದೆ. ಅದನ್ನು ಬುನಾದಿಯಿಂದ ಕಟ್ಟಿಸಬೇಕಾಗುತ್ತದೆ, ಅದಕ್ಕೆ ತಕ್ಕಂತೆ ಮಾತಾಡಿ, ಅಣ್ಣನ ಮಗನೊಬ್ಬನೇ ವಾರಸುದಾರನೋ ಬೇರೆಯವರಿದ್ದಾರೋ ವಿಚಾರಿಸಿ ಎಂದೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇಷ್ಟು ಹೇಳಿದವನು ಕಡೆಗೆ ಬೇಡ ಎನ್ನಬೇಕಾಗಿತ್ತು. "ತೊಗೋರಿ," ಎಂದೆ.

ಮನೆಗೆ ಬಂದಾಗ ಹೆಂಡತಿ ಹೊಲಿಯುತ್ತಿದ್ದಳು. ಕಾಕುವಿನ ಮನೆ ಹೇಗಿದೆ ಎಂದು ಕೇಳಿದಳು. ಗೋಡೆ ಸೀಳಿದೆ, ಬೆರಳು ಹೋಗುತ್ತದೆ ಎಂದೆ. ಮತ್ತೆ ಅವರಿಗೆ ಏನು ಹೇಳಿದಿರಿ ಎಂದಳು. ತೊಗೋರಿ ಅಂದೆ ಎಂದೆ.

"ಗ್ವಾಡಿ ಸೀಳಿದ್ದ ಮನಿ ತೊಗೋರಿ ಅಂದ್ರಿ? ಯಾಕ್ರಿ?"

"ಅವರಿಗೆ ಹೊಂದತೈತಿ," ಎಂದೆ.

ಅವಳು ಮಶೀನು ನಿಲ್ಲಿಸಿ, ಅಂದು ನಾನು ಕಾಕುವನ್ನು ನೋಡಿದ ಹಾಗೆ ನನ್ನನ್ನು ನೋಡಿದಳು.